ಮೂರನೆಯ ಜೋಡಿ

ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು, ಎರಡು ಸ್ಪೀಕರುಗಳ ಎದುರು, ನಟ್ಟನಡುವೆ, ಅಂಗಡಿಯವನು ಟೇಪು ಹಿಡಿದು ಅಳೆದೇ ಕೂರಿಸಿದ, ಆ ಕಡೆ ಏಳಡಿ ಈ ಕಡೆ ಏಳಡಿ, ಅಲ್ಲಾಡ್ಬೇಡಿ ಯಜಮಾನ್ರೇ, ದನಿ ಬಂದು ಸೇರೋದು ಇಲ್ಲೇ — ಹಲ್ಲು ಕೀಳಿಸಿಕೊಳ್ಳಲು ಬಂದವನ ಹಾಗೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡೆ, ಗೋಡೆಗೆಲ್ಲ ದಪ್ಪ ಬಟ್ಟೆ ಹೊಡೆದಿದ್ದಾರೆ, ಬಾಗಿಲು ಹಾಕಿದೊಡನೆ ರಸ್ತೆಯ ಸದ್ದು ಕತ್ತರಿಸಿ ಹೋಯಿತು, ನನ್ನ ಉಸಿರು ನನಗೇ ದೊಡ್ಡದಾಗಿ ಕೇಳುತ್ತಿದೆ. ಮಗಳು ಹಿಂದೆ ನಿಂತಿದ್ದಾಳೆ. ನಿಮಗೆ ಚೆನ್ನಾಗಿ ಗೊತ್ತಿರೋ ದನಿ ತಗೊಂಡ್ಬನ್ನಿ, ಅದರಲ್ಲೇ ಪರೀಕ್ಷೆ ಮಾಡೋಣ ಅಂತ ಅಂಗಡಿಯವನು ಫೋನಿನಲ್ಲಿ ಹೇಳಿದ್ದನಂತೆ, ಇವಳು ತಂದದ್ದು ಅಮ್ಮನ ಕೊನೆಯ ರೆಕಾರ್ಡಿಂಗು, ಕಾರು ನಿಲ್ಲಿಸಿದ ಮೇಲೆ ಹೇಳಿದಳು, ಆಗ ಇಳಿಯುವುದಿಲ್ಲ ಅನ್ನಲು ಕಾರಣ ಹೊಳೆಯಲಿಲ್ಲ. ಕಣ್ಣು ಕಾಣದ ಮಕ್ಕಳ ಶಾಲೆಗೆ ನನ್ನ ಹೆಂಡತಿ ಪಾಠಗಳನ್ನು ಓದಿ ಕಳಿಸುತ್ತಿದ್ದಳು, ಆ ದಿನ ಭೂಗೋಳ, ಉಬ್ಬರ ಇಳಿತ, ಒಂಬತ್ತು ವರ್ಷ ಆಯಿತು.

ಮೊದಲ ಜೋಡಿ, ಹದಿನೆಂಟು ಸಾವಿರ. ಚಂದ್ರನ ಸೆಳೆತಕ್ಕೆ ಸಮುದ್ರದ ನೀರು — ಅವಳೇ, ಮೂಗಿನ ತುದಿಯಲ್ಲಿ ಸ್ವಲ್ಪ ನೆಗಡಿ, ಓದುತ್ತ ಹೋಗುತ್ತಾಳೆ, ಒಂದು ಕಡೆ ನಿಲ್ಲುತ್ತಾಳೆ, ಮತ್ತೆ ಓದುತ್ತಾಳೆ. ನಿಂತಲ್ಲಿ ಏನೂ ಇಲ್ಲ, ಬರೀ ಮೌನ. ಇದೇ ಸಾಕು ಅಂದೆ. ಅಪ್ಪಾ, ಬದನೆಕಾಯಿ ಕೊಳ್ಳೋಕೆ ಬಂದವರ ಥರ ಆಡ್ಬೇಡಿ, ದುಡ್ಡು ಕೊಡ್ತಿರೋದು ನಾನು. ಅಂಗಡಿಯವನು ನಕ್ಕ, ಇದರಲ್ಲಿ ಡಬ್ಬದೊಳಗೆ ಕೂತು ಮಾತಾಡಿದ ಹಾಗಿರುತ್ತೆ ಯಜಮಾನ್ರೇ, ದೊಡ್ಡ ಜೋಡಿ ಕೇಳಿ, ಗುಬ್ಬಿ ಕೂಗಿದ್ರೆ ಯಾವ ಕೊಂಬೆ ಅಂತ ಬೆರಳು ಮಾಡಿ ತೋರಿಸ್ತೀರ — ನನಗೆ ಗುಬ್ಬಿ ಬೇಡ. ಆ ಮೌನದಲ್ಲಿ ಏನಿದೆ ಎಂದು ನನಗೆ ಗೊತ್ತು, ನನಗೊಬ್ಬನಿಗೇ ಗೊತ್ತು.

ಎರಡನೆಯದು ಅರವತ್ತೈದು ಸಾವಿರ. ಈಗ ಫ್ಯಾನು ತಿರುಗುತ್ತಿದೆ, ಹಾಳೆ ಮಗುಚಿತು, ಅವಳು ನಿಂತಳು, ಬೀಗದಲ್ಲಿ ಕೀಲಿ. ಬಾಗಿಲು. ಯಾರೋ ಬಂದ ಹಾಗಿದೆಯಲ್ಲ ಮೇಡಂ, ಕೇಳಿಸ್ತಾ? ಪಕ್ಕದ್ಮನೆ ಇರ್ಬೇಕು, ಗೋಡೆ ತೆಳು ಅಂದಳು ಮಗಳು, ಫೋನು ನೋಡುತ್ತ. ಪಕ್ಕದ ಮನೆಯಲ್ಲ. ಆ ದಿನ ನಾಲ್ಕು ಇಪ್ಪತ್ತು, ಚಪ್ಪಲಿ ಗೂಡಿನ ಮೇಲೆ ಮರೆತ ಕನ್ನಡಕಕ್ಕೆ ಬಂದೆ, ಐದಕ್ಕೆ ಪತ್ರಿಕೆಯ ಪುಟ ಅಚ್ಚಿಗೆ ಹೋಗಬೇಕು, ಬೂಟು ಬಿಚ್ಚಲಿಲ್ಲ, ಒಳಗಿನಿಂದ ಹೆಂಡತಿ ಬಂದ್ರಾ ಅಂದಳು, ಉತ್ತರ ಕೊಟ್ಟರೆ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು ಪಾಠ ಕೇಳಬೇಕು, ಕೊಡಲಿಲ್ಲ, ಬಾಗಿಲು ಎಳೆದುಕೊಂಡು ಹೋದೆ. ಆರು ಐದಕ್ಕೆ ಬಂದಾಗ ಮೇಜಿನ ಮೇಲೆ ಅವಳ ತಲೆ. ನಾಲ್ಕೂವರೆಯ ಸುಮಾರಿಗೆ ಹೃದಯ ನಿಂತಿದೆ ಅಂದರು ಡಾಕ್ಟರು. ಬೆಳಿಗ್ಗೆ ಹೋದವನು ಆರಕ್ಕೇ ಬಂದದ್ದು ಎಂದು ಎಲ್ಲರಿಗೂ ಹೇಳಿದೆ, ಮಗಳಿಗೂ. ಮೂವತ್ತೆರಡು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಎರಡು ಮೂಲ ಇಲ್ಲದೆ ಒಂದು ಸಾಲು ಬಿಟ್ಟವನಲ್ಲ ನಾನು, ಈ ಸುದ್ದಿಗೆ ಮೂಲ ನಾನೊಬ್ಬನೇ.

ಸಾಕು, ಮೊದಲನೆಯದೇ ಕೊಡಿ. ಅಪ್ಪಾ ಸುಮ್ನಿರಿ. ಎರಡು ಲಕ್ಷ ನಲವತ್ತು ಸಾವಿರ, ಎದೆಮಟ್ಟದ ಎರಡು ಕಪ್ಪು ಪೆಟ್ಟಿಗೆ. ಅವಳು ಓದಿದಳು, ನಿಂತಳು, ಕೀಲಿ, ಬಾಗಿಲು, ಗೂಡಿನ ಮೇಲೆ ಕನ್ನಡಕದ ಕಡ್ಡಿ ಗೀರಿದ ಸದ್ದು ಕೂಡ. ಬಂದ್ರಾ? ಮಗಳು ನನ್ನ ಕುರ್ಚಿಯ ಬೆನ್ನು ಹಿಡಿದಳು. ಬಾಗಿಲು ಮುಚ್ಚಿತು, ಅಷ್ಟೇ, ನಾನು ಹೋದೆ, ಮೆಟ್ಟಿಲಿಳಿದೆ, ಮುಗಿಯಿತು — ಟಪ್, ಸರ್ರ್. ಟಪ್, ಸರ್ರ್. ಮನೆಯೊಳಗೆ ಹಾಕುವ ಚಪ್ಪಲಿ, ಸ್ಕೂಟರಿನಿಂದ ಬಿದ್ದ ಮೇಲೆ ಎಡಗಾಲು ಎಳೆಯುವ ನನ್ನದೇ ನಡಿಗೆ, ಬಾಗಿಲಿನಿಂದ ಒಳಕ್ಕೆ, ನಾನು ಬೂಟು ಬಿಚ್ಚಿರಲಿಲ್ಲ, ಎಡ ಪೆಟ್ಟಿಗೆಯಿಂದ ಹೊರಟು ನಡುವಿಗೆ ಬಂತು, ನಾನು ಕೂತಲ್ಲಿಗೇ, ಬೆತ್ತದ ಕುರ್ಚಿ ಎಳೆದ ಸದ್ದು, ರಬ್ಬರು ಬಿದ್ದುಹೋದ ಅದರ ಒಂದು ಕಾಲು ನೆಲಕ್ಕೆ ಗೀರಿದ್ದು, ಯಾರೋ ಕೂತರು. ಅವಳು ಮತ್ತೆ ಓದತೊಡಗಿದಳು, ತಗ್ಗಿಸಿದ ದನಿಯಲ್ಲಿ, ಪಕ್ಕದಲ್ಲಿ ಕೂತವರಿಗೆ ಓದುವ ಹಾಗೆ, ನೀರು ಇಳಿದಾಗ ದಡದಲ್ಲಿ — ಅಲ್ಲಿಗೆ ನಿಂತಿತು. ಫ್ಯಾನು ಮಾತ್ರ ತಿರುಗುತ್ತಿತ್ತು. ಕುರ್ಚಿ ಮತ್ತೆ ಸದ್ದು ಮಾಡಲಿಲ್ಲ.

ಹೆಗಲ ಮೇಲೆ ಮಗಳ ಕೈ. ಅಪ್ಪಾ, ಜೊತೆಗಿದ್ರಲ್ಲ ನೀವು, ಕೊನೇವರೆಗೂ, ಯಾಕೆ ಹೇಳ್ಲಿಲ್ಲ? ಅಳುತ್ತಿದ್ದಾಳೆ, ಕೋಪಕ್ಕಲ್ಲ, ಒಂಬತ್ತು ವರ್ಷ ಅಮ್ಮ ಒಬ್ಬಳೇ ಹೋದಳು ಎಂದು ಕೊರಗಿದವಳು — ಇಲ್ಲ, ನಾನಲ್ಲ, ನಾನು ಬಾಗಿಲಿನಿಂದಲೇ ಹಿಂದಿರುಗಿದೆ ಅಂತ ಹೇಳಿದರೆ, ಹಾಗಾದರೆ ಕೂತವರು ಯಾರು ಅನ್ನುತ್ತಾಳೆ. ಹೂಂ ಅಂದೆ. ಅಂಗಡಿಯವನು ರಸೀದಿ ಪುಸ್ತಕ ತೆಗೆದ.

ಗುರುವಾರ ಹನ್ನೊಂದಕ್ಕೆ ಪೆಟ್ಟಿಗೆಗಳು ಬಂದವು. ಅಂಗಡಿಯವನು ಟೇಪು ಹಿಡಿದು ಅಳೆದು ಬೆತ್ತದ ಕುರ್ಚಿಯನ್ನು ನಡುವೆ ಇಟ್ಟುಹೋದ. ಅದು ಅಲ್ಲೇ ಇದೆ. ನಾನು ನೆಲದ ಮೇಲೆ ಕೂರುತ್ತೇನೆ.