ಗಂಟೆ ಮರಳುವವರೆಗೆ

ದೇಗುಲದ ಗಂಟೆಯ ಹಗ್ಗದ ತುದಿ ತೆಕ್ಲಾಳ ಕೈಯಲ್ಲಿತ್ತು. ಅದರ ಮೇಲ್ಭಾಗವನ್ನು ಫಾದರ್ ಡಮಿಯಾನ್ ಹಿಡಿದು ನಿಂತಿದ್ದರು. ಇಬ್ಬರೂ ಎಳೆಯುತ್ತಿರಲಿಲ್ಲ, ಬಿಡುತ್ತಲೂ ಇರಲಿಲ್ಲ.

“ಇವತ್ತು ಪವಿತ್ರ ಶನಿವಾರ ಕಣಮ್ಮ. ಶಿಲುಬೆಗೆ ಹಾಕಿದ ಸ್ವಾಮಿ ಇನ್ನೂ ಸಮಾಧೀಲಿದ್ದಾರೆ. ಗುರುವಾರ ಸುಮ್ಮನಾದ ಗಂಟೆ ಇವತ್ತು ಕತ್ತಲಾದ ಮೇಲೆ, ಜಾಗರಣೆ ಪೂಜೇಲೇ ಮತ್ತೆ ಬಾರಿಸೋದು. ಅಲ್ಲೀತನಕ ಯಾರು ಸತ್ರೂ ಬರೀ ಪ್ರಾರ್ಥನೆ.”

“‘ಗಂಟೆ ಇಲ್ಲದೆ ನನ್ನ ಮೇಲೆ ಮಣ್ಣು ಹಾಕ್ಬೇಡಿ’ ಅಂತ. ಸಾಯೋ ಮೊದಲು ಅಮ್ಮ ಕೇಳಿದ್ದು ಅದೊಂದೇ, ಫಾದರ್.”

“ನಾಳೆ ಹಬ್ಬ, ಸೋಮವಾರ ಮಣ್ಣು ಮಾಡೋಣ. ಪೂಜೆ, ಗಂಟೆ ಎಲ್ಲಾ ಇರುತ್ತೆ.”

“ಸೋಮವಾರದ ತನಕ ಹೊಳೆ ಬಿಡಬೇಕಲ್ಲ.”

ಹಿಮ ಕರಗಿ ಇಶಿಮ್ ಹೊಳೆ ಮೂರು ದಿನದಿಂದ ಉಕ್ಕುತ್ತಿತ್ತು. ಸ್ಮಶಾನದ ದಿಬ್ಬಕ್ಕೆ ಹೋಗುವ ತಗ್ಗು ರಸ್ತೆ ಇಂದು ಸಂಜೆಯೋ ನಾಳೆಯೋ ಮುಳುಗಿದರೆ ವಾರಗಟ್ಟಲೆ ಏಳುವುದಿಲ್ಲ. ತೆಕ್ಲಾ ಹಗ್ಗ ಬಿಟ್ಟಳು.

ಮನೆಯಲ್ಲಿ ಪಕ್ಕದ ಮನೆಯ ಅಂಟೋನಿನಾ ತೆಕ್ಲಾಳ ತಾಯಿಯ ಹೆಣದ ಬಳಿ ಕೂತು ಮೂಗು ಒರೆಸಿಕೊಳ್ಳುತ್ತಿದ್ದಳು.

“ಜೀವನಪೂರ್ತಿ ಊರಿಗೆಲ್ಲ ಹಬ್ಬ ಲೆಕ್ಕ ಹಾಕಿಕೊಟ್ಲು. ಸಾಯೋಕೆ ಮಾತ್ರ ಒಂದು ಸರಿಯಾದ ದಿನ ನೋಡ್ಕೊಳ್ಳಲಿಲ್ಲ ನಮ್ಮ ಬ್ರೋನ್ಯಾ.”

“ಲೆಕ್ಕ ಅವಳಿಗೆ ಯಾವತ್ತು ಸರಿ ಬಂದಿತ್ತು, ಚಿಕ್ಕಮ್ಮ?” ಎಂದಳು ತೆಕ್ಲಾ. ನಗಲು ಹೋಗಿ ಅತ್ತಳು.

*

ದೇಗುಲವೂ ಇಲ್ಲದ, ಪಾದ್ರಿಯೂ ಇಲ್ಲದ ಕಾಲ ಅದು, ತೆಕ್ಲಾ ಇನ್ನೂ ಪುಟ್ಟವಳು. ಪೋಲೆಂಡಿನ ಗಡಿಯಿಂದ ಸರ್ಕಾರ ರೈಲಿಗೆ ತುಂಬಿ ತಂದು ಈ ಕಜಾಕ್ ಹುಲ್ಲುಬಯಲಿನಲ್ಲಿ ಇಳಿಸಿದ ಜನಕ್ಕೆ ಕ್ರಿಸ್ಮಸ್ ಯಾವತ್ತು, ಈಸ್ಟರ್ ಯಾವತ್ತು ಎಂದು ಹೇಳುತ್ತಿದ್ದವಳು ಹಾಲು ಕರೆಯುವ ಬ್ರೋನ್ಯಾ. ವಸಂತದ ಹುಣ್ಣಿಮೆ ಕಳೆದ ಭಾನುವಾರ ಈಸ್ಟರ್. ಒಂದು ವರ್ಷ ಮೋಡ ಚಂದ್ರನನ್ನು ನುಂಗಿಕೊಂಡಿತು. ಬ್ರೋನ್ಯಾ ಅಂದಾಜಿನಲ್ಲಿ ದಿನ ಹೇಳಿದಳು. ಸರ್ಕಾರಕ್ಕೆ ತಿಳಿಯದಂತೆ ಊರೆಲ್ಲ ಬಾಗಿಲು ಹಾಕಿಕೊಂಡು, ಮೊಟ್ಟೆಗೆ ಬಣ್ಣ ಹಾಕಿ, ಮೆಲ್ಲಗೆ ಹಾಡಿ, ಹೊಟ್ಟೆ ತುಂಬ ಉಂಡಿತು. ಮಧ್ಯಾಹ್ನ, ಹೀಗೇ ತಂದಿಳಿಸಿದ್ದ ಪಕ್ಕದ ಜರ್ಮನರ ಹಳ್ಳಿಯ ಮುದುಕಿಯೊಬ್ಬಳು ಬಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಇವತ್ತಿನ್ನೂ ಗರಿಗಳ ಭಾನುವಾರ ಕಣ್ರೇ, ಈಸ್ಟರ್‌ಗೆ ಇನ್ನೂ ಒಂದು ವಾರ ಇದೆ! ಶಿಲುಬೆಗೇ ಹಾಕಿಲ್ಲ, ಆಗ್ಲೇ ಎಬ್ಬಿಸಿಬಿಟ್ರಾ?”

ಗಂಡಸರು ನಕ್ಕು ಉಳಿದ ವೋಡ್ಕಾ ಮುಗಿಸಿದರು. ಬ್ರೋನ್ಯಾ ನಗಲಿಲ್ಲ. ಮುಂದಿನ ವಾರವೆಲ್ಲ ಒಬ್ಬಳೇ ಉಪವಾಸ ಮಾಡಿದಳು. ಶನಿವಾರ ಕೊಟ್ಟಿಗೆಯಲ್ಲಿ ಸುಮ್ಮನೆ ಕೂತಿದ್ದ ತಾಯಿಯ ಪಕ್ಕ ಪುಟ್ಟ ತೆಕ್ಲಾ ಹೋಗಿ ಕೂತಳು.

“ಶನಿವಾರ ಅಂದ್ರೆ ಸ್ವಾಮಿ ಸಮಾಧಿ ಹತ್ರ ಕೂತ್ಕೊಂಡು ಕಾಯೋದು ಕಣೇ. ನಾವು ಅವನನ್ನ ಒಬ್ಬನ್ನೇ ಬಿಟ್ಟು ಉಂಡುಬಿಟ್ವಿ.” ಬ್ರೋನ್ಯಾ ಮಗಳ ಕೂದಲಿಗೆ ಸಿಕ್ಕಿದ್ದ ಹುಲ್ಲು ತೆಗೆಯುತ್ತ ಹೇಳಿದಳು, “ಬಂದ ಮೊದಲ ಚಳಿಗಾಲ ಸತ್ತ ನನ್ನ ತಮ್ಮನನ್ನೂ ಹಾಗೇ ಹಿಮದಲ್ಲಿ ಮುಚ್ಚಿ ಓಡಿದ್ವಿ. ಗಂಟೆ ಇಲ್ಲ, ಏನಿಲ್ಲ.”

*

ಸ್ಮಶಾನದ ದಿಬ್ಬದ ಮೇಲೆ ಬ್ರೋನ್ಯಾಳಿಗಾಗಿ ಪ್ರಾರ್ಥನೆ ಬೇಗ ಮುಗಿಯಿತು. ಗಂಟೆಯ ಬದಲು ಮರದ ಗಿಲಕಿ ಟಕಟಕ ಎಂದಿತು. ಎಲ್ಲರ ಕಣ್ಣೂ ರಸ್ತೆಯ ಮೇಲಿತ್ತು. ನೀರು ಆಗಲೇ ಅದರ ಅಂಚು ನೆಕ್ಕುತ್ತಿತ್ತು. ಪೆಟ್ಟಿಗೆ ಗುಂಡಿಗಿಳಿದ ಕೂಡಲೇ ಗಂಡಸರು ಸಲಿಕೆ ಎತ್ತಿದರು.

“ಹಾಕ್ಬೇಡಿ,” ಎಂದಳು ತೆಕ್ಲಾ. “ನೀವೆಲ್ಲ ಹೋಗಿ. ಗಂಟೆ ಬಾರಿಸೋ ತನಕ ನಾನು ಇಲ್ಲೇ ಇರ್ತೀನಿ.”

“ಹುಚ್ಚು ಹಿಡೀತೇನೇ?” ಎಂದಳು ಅಂಟೋನಿನಾ. “ರಸ್ತೆ ಮುಳುಗುತ್ತೆ. ಈಸ್ಟರ್ ಪೂಜೆನೇ ತಪ್ಪಿಹೋಗುತ್ತೆ.”

“ತಪ್ಪಲಿ.”

ತೆಕ್ಲಾಳ ಗಂಡ ಬೋಲಾಟ್ ಕಜಾಕ್ ಜನಾಂಗದವನು, ಕ್ರೈಸ್ತನಲ್ಲ. ಈ ಹಬ್ಬಗಳ ತಲೆಬುಡ ಮೂವತ್ತು ವರ್ಷ ಸಂಸಾರ ಮಾಡಿದರೂ ಅವನಿಗೆ ತಿಳಿದಿರಲಿಲ್ಲ. ಅವನು ಒಬ್ಬನ ಕೈಯಿಂದ ಸಲಿಕೆ ಇಸಿದುಕೊಂಡ. “ನಾನೂ ಇರ್ತೀನಿ. ಬೆಳಿಗ್ಗೆ ದೋಣಿ ಕಳಿಸಿ. ತಿನ್ನೋಕೂ ಏನಾದ್ರೂ ಇಡಿ ಅದರಲ್ಲಿ.”

ಫಾದರ್ ನೀರಿನಾಚೆಗೆ, ಊರಿನ ಕಡೆ ತಿರುಗಿ ನೋಡಿದರು. “ಗಂಟೆ ಇಲ್ಲೀತನಕ ಕೇಳಿಸುತ್ತಾ?”

“ಗಾಳಿ ಈ ಕಡೆ ಬೀಸಿದ್ರೆ,” ಎಂದ ಬೋಲಾಟ್.

ಗಾಳಿ ಊರಿನ ಕಡೆಗೆ ಬೀಸುತ್ತಿತ್ತು. ಜನ ಹೋದರು. ರಸ್ತೆ ಮುಳುಗಿತು, ಕತ್ತಲಾಗತೊಡಗಿತು. ತೆಕ್ಲಾ ಕೂತಳು, ಎದ್ದಳು, ಗುಂಡಿಯ ಸುತ್ತ ನಡೆದಳು. ತಾನು ಮಾಡಿದ್ದು ಸರಿಯೋ, ಬರೀ ಹಟವೋ ತಿಳಿಯಲಿಲ್ಲ. ಬಾರಿಸಿ ಆಗಿಹೋಗಿದ್ದರೆ? ಕೇಳಿಸದೇ ಹೋಗಿದ್ದರೆ? ಕತ್ತಲು ದಟ್ಟವಾಯಿತು.

“ಸುಮ್ನೆ ನಿಂತ್ಕೋ,” ಎಂದ ಬೋಲಾಟ್. ಟೋಪಿ ತೆಗೆದು ಕಿವಿ ಆ ಕಡೆ ಕೊಟ್ಟ.

ನೀರಿನ ಮೇಲಿಂದ ಗಂಟೆಯ ಸದ್ದು ಸಣ್ಣಗೆ ಬಂತು. ಹೋಯಿತು. ಮತ್ತೆ ಬಂತು.

ತೆಕ್ಲಾ ಮೊದಲ ಹಿಡಿ ಮಣ್ಣು ಹಾಕಿದಳು. ಆಮೇಲೆ ಬೋಲಾಟ್ ಸಲಿಕೆ ಎತ್ತಿದ. ಪೂಜೆಯಲ್ಲಿ ಒಂದು ಹಾಡು ಮುಗಿಯುವಷ್ಟು ಹೊತ್ತು ಬಾರಿಸುವ ಗಂಟೆ ಅದು. ಹಾಡು ಮುಗಿಯುವ ಹೊತ್ತು ಕಳೆಯಿತು, ಗುಂಡಿ ಅರ್ಧ ತುಂಬಿತು. ಬೋಲಾಟ್ ಬೆವರೊರೆಸಿಕೊಳ್ಳಲು ನಿಂತ. ಗಂಟೆ ನಿಂತಿರಲಿಲ್ಲ. ಆಚೆ ದಡದಲ್ಲಿ ಯಾರೋ ಹಗ್ಗ ಎಳೆಯುತ್ತಲೇ ಇದ್ದರು.