ಹೆಬ್ಬೆರಳು ಬಿಡಬ್ಯಾಡ

ಮೈಲಾರಿ ತಮ್ಮನ ತಲೆಗೆ ಸುತ್ತಿದ ರುಮಾಲಿನ ತುದಿಯನ್ನು ಗೋಡೆಯ ಗೂಟಕ್ಕೆ ಬಿಗಿದು ಕಟ್ಟಿದ. ಆದರೂ ಶಿವರಾಯನ ತಲೆ ಎಡಕ್ಕೆ ವಾಲಿತು.

"ಗಂಟು ಕಾಣಬಾರದು ದೊಡ್ಡಪ್ಪ," ಎಂದಳು ರಾಜೇಶ್ವರಿ. "ಫೋಟೋದಾಗ ಗಂಟು ಕಂಡ್ರ ಅಪ್ಪ ಬೈತಿದ್ದ."

"ಇವತ್ತ ಬೈಯಾಕ ಬಾಯಿ ಎಲ್ಲದ ಅವಂಗ?" ಎಂದು ತಮ್ಮನ ಹಣೆಗೆ ಹಚ್ಚಿದ ಭಂಡಾರದ ಅರಿಶಿನ ಸರಿಮಾಡಲು ಹೋದ ಮೈಲಾರಿ ಅತ್ತೇಬಿಟ್ಟ.

ಝರಾಸಂಗದ ಸುತ್ತಮುತ್ತ ಯಾರೇ ಸತ್ತರೂ ಮಣ್ಣಿಗೆ ಒಯ್ಯುವ ಮೊದಲು ಹೆಣವನ್ನು ಹೀಗೆ ಕೂರಿಸಿ, ಪಕ್ಕದಲ್ಲಿ ಮನೆಯವರನ್ನೂ ಕೂರಿಸಿ ಕೊನೆಯ ಫೋಟೋ ತೆಗೆಸುತ್ತಾರೆ. ಅದನ್ನು ತೆಗೆಯುತ್ತಿದ್ದವನು ಶಿವರಾಯ. ಕುರಿ ಕಾಯುವ ಮನೆಯಲ್ಲಿ ಹುಟ್ಟಿ ಜಹೀರಾಬಾದಿನಲ್ಲಿ ಫೋಟೋ ಅಂಗಡಿ ಇಟ್ಟವನು. ಊರೂರ ಗೋಡೆಗಳ ಮೇಲೆ ಅವನ ಕೈಚಳಕ ನೇತಾಡುತ್ತಿತ್ತು. ಅವನ ಮನೆಯ ಗೋಡೆಯ ಮೇಲೆ ಮಾತ್ರ ಅವನೂ ಹೆಂಡತಿ ಅಮೃತಬಾಯಿಯೂ ಜೋಡಿಯಾಗಿ ಕೂತ ಒಂದೇ ಒಂದು ಫೋಟೋ ಇರಲಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಅಮೃತಬಾಯಿ ಹಂಗಿಸಿದಾಗಲೆಲ್ಲ "ನಾಳಿ ತೆಗ್ಯೂಣಂತ" ಎನ್ನುತ್ತಿದ್ದ. ನಾಳೆ ಎಂದವನ ಮನೆ ಹಾಳು ಅನ್ನುತ್ತಾರಲ್ಲ, ಸುಳ್ಳಲ್ಲ.

"ಸಂಜೀವಕುಮಾರಗ ಫೋನ್ ಹಚ್ಚಿದ್ರೇನು?" ಮೈಲಾರಿ ಕೇಳಿದ. ಜಹೀರಾಬಾದಿನಲ್ಲಿ ಉಳಿದ ಇನ್ನೊಬ್ಬ ಫೋಟೋದವನು ಅವನೇ.

"ತಾಂಡೂರಿಗೆ ಮದುವಿ ಫೋಟೋ ತೆಗ್ಯಾಕ ಹೋಗ್ಯಾನಂತ. ರಾತ್ರಿ ಆಗ್ತದ," ಎಂದಳು ರಾಜೇಶ್ವರಿ.

"ಅಲ್ಲೀತನಕ ಇಡಾಕ ಬರಂಗಿಲ್ಲ. ಮೊಬೈಲಿನಾಗ ತೆಗದ್ರಾತು ಬಿಡು."

ಗಂಡನ ಮುಖದ ಮೇಲೆ ಕೂರುವ ನೊಣಗಳನ್ನು ಸೆರಗಿನಿಂದ ಓಡಿಸುತ್ತಿದ್ದ ಅಮೃತಬಾಯಿ ತಲೆಯೆತ್ತಿದಳು. "ಮೊಬೈಲಿನಾಗ ಬ್ಯಾಡ್ರಿ ಭಾವ. ರಾಜೂ, ಅವರ ಕ್ಯಾಮೆರಾ ತಾ. ಸಾಫ್ ತೆಗಿ ತಾಯಿ. ಅವರ ಸಂಗಟ ನಾ ಇರೋದು ಇದೊಂದೇ."

ರಾಜೇಶ್ವರಿ ಕ್ಯಾಮೆರಾ ತಂದಳು. ಹಿಂಬದಿಯಲ್ಲಿ ಫೋಕಸ್ ಹಿಡಿಯುವ ಗುಂಡಿ ಸವೆದು ನುಣ್ಣಗಾಗಿತ್ತು. ಅವಳ ಹೆಬ್ಬೆರಳು ತಾನಾಗಿಯೇ ಅಲ್ಲಿಗೆ ಹೋಯಿತು.

*

ಚಳಿಗಾಲ ಬಂತೆಂದರೆ ಅಪ್ಪ ನಸುಕಿನಲ್ಲೇ ಅವಳನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಮೊಗುಡಂಪಲ್ಲಿಯ ಹುಲ್ಲುಬಯಲಿಗೆ ಹೋಗುತ್ತಿದ್ದ. ಬೂದು ಬಣ್ಣದ ಗಿಡುಗವೊಂದು ಹುಲ್ಲಿನ ತುದಿ ಸವರುವಷ್ಟು ಕೆಳಗೆ ಹಾರುತ್ತಿತ್ತು. ಅವಳು ಮೊದಲು ತೆಗೆದ ಹಕ್ಕಿ ಒದ್ದೆ ಕೈಯಿಂದ ಒರೆಸಿದ ಪಾಟಿಯಂತೆ ಬಂದಿತ್ತು.

ಅಪ್ಪ ನಕ್ಕ. "ಹಕ್ಕಿ ಬಂದ ಮ್ಯಾಲ ಹುಡುಕಿದ್ರ ಸಿಗ್ತದೇನು? ದೂರ ಇದ್ದಾಗೇ ಕಣ್ಣಿಗಿ ಗುರಿ ಹಿಡಿ. ಹೆಬ್ಬೆರಳು ಒತ್ತೇ ಇಡು, ಫೋಕಸ್ ಅದರ ಬೆನ್ನ ಹತ್ತಿ ಹೋಗ್ತದ. ನೀನೂ ಅದರ ಸಂಗಟ ತಿರುಗು. ಫೋಟೋ ಹೊಡದ ಮ್ಯಾಲೂ ತಿರುಗೋದು ನಿಂದ್ರಸಬ್ಯಾಡ."

"ರೆಕ್ಕಿ ಮಸುಕಾಗ್ತದಲ್ಲಪ್ಪ?"

"ಶಟರ್ ಜೋರ ಮಾಡು, ರೆಕ್ಕಿ ಅಲುಗೋದ್ರಾಗ ಮುಚ್ಚಲಿ. ಫೋಟೋ ಜರಾ ಕಾಳುಕಾಳು ಆದ್ರ ಆಗ್ಲಿ. ಹೆಬ್ಬೆರಳು ಮಾತ್ರ ಬಿಡಬ್ಯಾಡ."

"ಈ ಹಕ್ಕಿ ಫೋಟೋ ಯಾರು ಕೊಳ್ತಾರ? ಯಾಕ ಇಷ್ಟು ಒದ್ದಾಡ್ತಿ?"

ಅಪ್ಪ ಆಕಾಶ ನೋಡುತ್ತಲೇ ಇದ್ದ. "ಕಲೀಬೇಕಾಗ್ಯಾದ," ಎಂದ, ಅಷ್ಟೇ. ಮಗಳ ಕುತೂಹಲಕ್ಕೆ ಅದು ಮೂರು ಕಾಸಿನ ಉತ್ತರವೂ ಅಲ್ಲ. ಎಷ್ಟು ಸಲ ಕೇಳಿದರೂ ಅವನು ಅದನ್ನು ದಾಟಿ ಮುಂದೆ ಹೋಗಲಿಲ್ಲ.

*

ರಾಜೇಶ್ವರಿ ಅಪ್ಪನ ಮುಖಕ್ಕೇ ಗುರಿಯಿಟ್ಟು ಒಂದು ಫೋಟೋ ತೆಗೆದಳು. ಅವನೇನು ಅಲುಗುವವನೇ? ಮೈಲಾರಿ ಬಗ್ಗಿ ನೋಡಿದ.

"ಸಾಫ್ ಬಂದಾನ. ಆತು, ಏಳಸ್ರಿ."

"ಹೊತ್ತಾತು," ಎಂದಳು ನೆರೆಮನೆಯ ಮುದುಕಿ ದ್ರೌಪದಿ. "ಮಣ್ಣಾದ ಮ್ಯಾಲ ಅಮೃತಾನ ಕೈಯಾಗಿನ ಹಸಿರು ಬಳಿ ಒಡ್ಯೋದು ಬ್ಯಾರೆ ಅದ."

ಹಿಂದಿನಿಂದ ಇಣುಕಿದ ಹೆಂಗಸೊಬ್ಬಳು ಕ್ಯಾಮೆರಾದ ಪರದೆಯ ಮೇಲೆ ಬೆರಳಿಟ್ಟಳು. "ಇದೇನವ್ವ, ನಿಮ್ಮವ್ವ ನನ್ನಂಗೇ ಆಗ್ಯಾಳಲ್ಲ!" ಸಿರ್ಗಾಪುರದಿಂದ ಬಂದ ಬಾಲಮಣಿ ಅವಳು. ನೋಡಿದರೆ ನಿಜ. ಬಿಕ್ಕುತ್ತಿದ್ದ ಅಮೃತಬಾಯಿ ಫೋಟೋದಲ್ಲಿ ಗಂಡನ ಪಕ್ಕಕ್ಕೆ ಬರೀ ಹೊಗೆಯಾಗಿದ್ದಳು.

"ನಿಮ್ಮಂಗ ಅಂದ್ರ ಹೆಂಗ್ರಿ ಅತ್ತಿ?"

"ನಮ್ಮವರು ಹೋದಾಗ ಫೋಟೋ ತೆಗದವನು ಶಿವರಾಯಣ್ಣನೇ. ಅವರು ಭೇಷ್ ಬಂದಾರ. ನಾ ಅಳಕೋತ ಅಲುಗ್ಯಾಡಿ ಮಸುಕಾಗೀನಿ. ಅಂಗಡಿಗಿ ಹೋಗಿ, 'ಅಣ್ಣಾ, ಇದ್ರಾಗ ನಾ ಎಲ್ಲಿದ್ದೀನಿ?' ಅಂತ ಕೇಳ್ದೆ. ಪಾಪ, ಮಾರಿ ಸಣ್ಣದು ಮಾಡಿದ. 'ಕುಂತದ್ದು ಹಿಡಿಯಾಕ ಬರ್ತದ ತಂಗಿ, ಅಲುಗೋದು ಹಿಡಿಯಾಕ ಬರಂಗಿಲ್ಲ. ಕಲೀತೀನಿ' ಅಂದ. ಮುಂದ ನೋಡಿದ್ರ ಹಕ್ಕಿ ಬೆನ್ನ ಹತ್ಯಾನ ಅಂತ ಸುದ್ದಿ. ಹುಚ್ಚು ಹಿಡೀತು ಅನಕೊಂಡೆ."

ರಾಜೇಶ್ವರಿ ಕ್ಯಾಮೆರಾದಿಂದ ತಲೆಯೆತ್ತಿ ಅಪ್ಪನನ್ನು ನೋಡಿದಳು. ಕಲೀಬೇಕಾಗ್ಯಾದ ಎಂದದ್ದು ಇದನ್ನೇ! ಒಂದು ಸಲ ಬಾಯಿ ಬಿಟ್ಟು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಅಪ್ಪನ ಮೇಲೆ ಸಿಟ್ಟೂ ಬಂತು, ಅಳುವೂ ಬಂತು.

"ಇನ್ನೊಂದ ತೆಗೀತೀನಿ ದೊಡ್ಡಪ್ಪ."

"ಹೊತ್ತು ಇಳೀಲಾಕತ್ಯಾದ ರಾಜೂ..."

"ಇಳೀಲಿ."

ಶಟರ್ ಜೋರು ಮಾಡಿದಳು. ಅಪ್ಪನನ್ನು ಬಿಟ್ಟು ಅವ್ವನ ಕಣ್ಣಿಗೆ ಗುರಿ ಹಿಡಿದು ಹೆಬ್ಬೆರಳು ಒತ್ತಿದಳು. ಅಮೃತಬಾಯಿ ಬಿಕ್ಕಿ ಮುಂದಕ್ಕೆ ಬಾಗಿದಳು, ಹಿಂದಕ್ಕೆ ಸರಿದಳು. ರಾಜೇಶ್ವರಿ ಅವಳ ಜೊತೆಗೇ ಬಾಗಿದಳು, ಸರಿದಳು. ತನ್ನ ಕಣ್ಣಿನ ನೀರನ್ನು ಒರೆಸಿಕೊಳ್ಳಲಿಲ್ಲ, ಒರೆಸಿಕೊಂಡರೆ ಹೆಬ್ಬೆರಳು ಬಿಡಬೇಕಾಗುತ್ತದೆ. ಅಷ್ಟರಲ್ಲಿ ಒಂದು ನೊಣ ಶಿವರಾಯನ ಕೆನ್ನೆಯ ಮೇಲೆ ಕೂತಿತು. ಅಮೃತಬಾಯಿಯ ಕೈ ಎದ್ದಿತು. ರಾಜೇಶ್ವರಿ ತೋರುಬೆರಳಿನಿಂದ ಶಟರ್ ಒತ್ತಿದಳು. ಒತ್ತಿದ ಮೇಲೂ ತಿರುಗುತ್ತಲೇ ಇದ್ದಳು.

ಹೊರಗೆ ಡೊಳ್ಳು ಶುರುವಾಯಿತು. ನಾಲ್ಕು ಜನ ಬಂದು ಗೂಟದಿಂದ ರುಮಾಲು ಬಿಚ್ಚಿದರು. ರಾಜೇಶ್ವರಿ ಅವ್ವನ ಮುಂದೆ ಮೊಣಕಾಲೂರಿ ಕ್ಯಾಮೆರಾ ಹಿಡಿದಳು.

"ನಾ ಅದೀನಿ," ಎಂದಳು ಅಮೃತಬಾಯಿ.

ಫೋಟೋದಲ್ಲಿ ಶಿವರಾಯ ತುಸು ಮಸುಕಾಗಿದ್ದ. ಅವನ ಕೆನ್ನೆಯ ಹತ್ತಿರ ಅಮೃತಬಾಯಿಯ ಕೈ ಗಾಳಿಯಲ್ಲಿ ಹಾಗೇ ನಿಂತಿತ್ತು. ಮಣಿಕಟ್ಟಿನ ಮೇಲೆ ಜಿಗಿದ ಹಸಿರು ಬಳೆಗಳು ಒಂದಕ್ಕೊಂದು ತಾಗದೆ, ನಡುವೆ ಬೆಳಕು ಬಿಟ್ಟುಕೊಂಡು, ಎಣಿಸುವಷ್ಟು ಸಾಫಾಗಿ ಕಾಣುತ್ತಿದ್ದವು.