ಬಲಗೈಯ ಪಟ್ಟಿ

ನಾನು ಒಂದು ಕ್ಯಾನ್ವಾಸ್ ಪಟ್ಟಿ. ಮನೋರೋಗ ತುರ್ತು ವಾರ್ಡಿನಲ್ಲಿ ರೋಗಿಯ ಬಲಗೈಯನ್ನು ಮಂಚಕ್ಕೆ ಕಟ್ಟುವುದು ನನ್ನ ಕೆಲಸ. ಆಸ್ಪತ್ರೆಯ ದರ್ಜಿ ಮೋನಪ್ಪ ನನ್ನನ್ನು ಹೊಲಿದ. ಚರ್ಮ ಉಜ್ಜಿಹೋಗಬಾರದೆಂದು ಒಳಗೆ ಹತ್ತಿ ತುಂಬಿದ. ತನ್ನ ಕೈಗೇ ಕಟ್ಟಿಕೊಂಡು ಜಗ್ಗಿ ನೋಡಿ, ಸಮಾಧಾನವಾಗದೆ ಅಂಚಿಗೆ ಇನ್ನೆರಡು ಸಾಲು ಹೊಲಿಗೆ ಹಾಕಿದ.

ಅಲ್ಲಿಂದ ಅಟೆಂಡರ್ ಲೋಕಯ್ಯನ ಕೈಗೆ ಬಂದೆ. ಆಗೆಲ್ಲ ಬರುತ್ತಿದ್ದವರು ಹೆಚ್ಚಾಗಿ ಕುಡುಕರು. ಕುಡಿತ ನಿಂತು ನಡುಗುವವರು, ಗೋಡೆಯ ಮೇಲೆ ಹುಳ ಕಾಣುವವರು. ಇಬ್ಬರು ಹಿಡಿದರೆ ಸಾಕಿತ್ತು. ನಿದ್ದೆ ಮಾಡಿ ಎದ್ದವನು ಗಂಜಿ ಕೇಳಿದರೆ ಹುಷಾರಾದನೆಂದೇ ಲೋಕಯ್ಯ ತಿಳಿಯುತ್ತಿದ್ದ. ಹದಿನಾರು ವರ್ಷ ಅದು ತಪ್ಪಿರಲಿಲ್ಲ.

ಆಮೇಲೆ ಮೆಥ್ ಎಂಬ ಮಾದಕ ಹರಳು ಸೇದುವವರು ಬರತೊಡಗಿದರು. ವಾರಕ್ಕೊಬ್ಬ, ಮತ್ತೆ ದಿನಕ್ಕೊಬ್ಬ. ಆ ಹರಳಿನ ಹೊಗೆ ಎಳೆದು ನಾಲ್ಕೈದು ದಿನ ಕಣ್ಣು ಮುಚ್ಚದವರು. ಒಬ್ಬನನ್ನು ಮಲಗಿಸಲು ಐದು ಜನ ಬೇಕಾಗುತ್ತಿತ್ತು. ಅವರಲ್ಲೊಬ್ಬ ನರ್ಸಮ್ಮನ ಎರಡು ಹಲ್ಲು ಉದುರಿಸಿದ. ಇನ್ನೊಬ್ಬ ತನ್ನ ಕೆನ್ನೆಯನ್ನೇ ಉಗುರಿನಿಂದ ಬಗೆದುಕೊಂಡ. ಇದ್ದದ್ದು ಮೂರೇ ಮಂಚ. ಉಳಿದ ರೋಗಿಗಳು ವರಾಂಡದ ನೆಲದಲ್ಲಿ. ನನ್ನ ಮೇಲಿನ ರಕ್ತದ ಕಲೆ ಆರುತ್ತಲೇ ಇರಲಿಲ್ಲ. ನಾನು ಕಾಯುತ್ತಿದ್ದೇನೋ ನೋಯಿಸುತ್ತಿದ್ದೇನೋ, ನನಗೇ ತಿಳಿಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅದೇ ಹೊಗೆ ಎಳೆದಿದ್ದ ನಿಶಾನನನ್ನು ತಂದರು. ಅಪ್ಪ, ಭಾವ ಅವನಿಂದ ಕೈತೊಳೆದುಕೊಂಡಿದ್ದರು. ಜೊತೆಗೆ ನಿಂತವಳು ಗೋಡಂಬಿ ಕಾರ್ಖಾನೆಯಿಂದ ಓಡಿಬಂದ ಅಕ್ಕ ಪ್ರಮೀಳಾ ಒಬ್ಬಳೇ. ಅವಳೂ ಬಿಟ್ಟರೆ ಅವನಿಗೆ ಯಾರೂ ಇಲ್ಲ.

ಇಂಜೆಕ್ಷನ್ನಿನ ನಿದ್ದೆ ಮುಗಿಸಿ ಮಧ್ಯಾಹ್ನ ಎದ್ದವನು ಮೆಲ್ಲಗೆ ಗಂಜಿ ಕೇಳಿದ. ಡಾಕ್ಟರು ಇನ್ನೊಬ್ಬನ ಜೊತೆ ಹೆಣಗುತ್ತಿದ್ದರು. ಅವರನ್ನು ಕೇಳದೆ ಕಟ್ಟು ಬಿಚ್ಚುವಂತಿರಲಿಲ್ಲ. ಲೋಕಯ್ಯ ಕೇಳಲಿಲ್ಲ.

"ಒಂದು ಕೈ ಬಿಡುವಾ ತಂಗಿ. ಪಾಪ, ತಾನೇ ಕುಡಿಯಲಿ."

ನನ್ನನ್ನು ಮಂಚಕ್ಕೆ ಬಿಗಿದ ಗಂಟು ಮಾತ್ರ ಬಿಚ್ಚಿದ. ನಾನು ನಿಶಾನನ ಮಣಿಕಟ್ಟಿನಿಂದ ಜೋತುಬಿದ್ದೆ. ಅವನು ಒಂದು ಚಮಚ ಕುಡಿದು ಅಕ್ಕನ ಮುಖ ನೋಡಿದ.

"ಇದಕ್ಕೆ ಎಂತ ಹಾಕಿದ್ದಿ?"

ಮರುಕ್ಷಣ ನನ್ನನ್ನು ಅವಳ ಕುತ್ತಿಗೆಗೆ ಎರಡು ಸುತ್ತು ಸುತ್ತಿ ಎಳೆದ. ಅವಳ ನರ ನನ್ನ ಹತ್ತಿಗೆ ಬಡಿಯಿತು. ಹಿಮ್ಮಡಿಗಳು ನೆಲಕ್ಕೆ ಅಪ್ಪಳಿಸಿದವು. ಲೋಕಯ್ಯ ಅವನ ಮುಷ್ಟಿ ಬಿಡಿಸಲು ಹೋಗಿ ತನ್ನ ಬೆರಳು ಮುರಿದುಕೊಂಡ. ನಿಶಾನನ ತೋಳನ್ನು ಕಚ್ಚಿಯೂ ನೋಡಿದ. ಹರಿದುಹೋಗಲು ನಾನು ಎಷ್ಟು ಬಯಸಿದರೂ ಮೋನಪ್ಪನ ಹೊಲಿಗೆ ಬಿಡಲಿಲ್ಲ. ಕೊನೆಗೆ ವಾರ್ಡಿನ ನರ್ಸ್ ಸಿಸ್ಟರ್ ಗ್ರೆಟ್ಟಾ ಓಡಿಬಂದು ಕತ್ತರಿಯಿಂದ ನನ್ನನ್ನು ಎರಡು ತುಂಡು ಮಾಡಿದರು. ಪ್ರಮೀಳಾ ಕೆಮ್ಮಿದಳು.

ಐದನೆಯ ದಿನ ನಿಶಾನನಿಗೆ ತಲೆ ತಿಳಿಯಾಯಿತು. ಅಕ್ಕನ ನೀಲಿಗಟ್ಟಿದ ಕುತ್ತಿಗೆ ನೋಡಿ ಯಾರು ಮಾಡಿದ್ದೆಂದು ಕೇಳಿದ. ಅವಳಿಗೆ ಇನ್ನೂ ಸ್ವರ ಹೊರಡುತ್ತಿರಲಿಲ್ಲ. ಲೋಕಯ್ಯನೇ ಹೇಳಿದ, ತನ್ನ ತಪ್ಪನ್ನೂ ಸೇರಿಸಿ.

ನಿಶಾನ್ ಎರಡೂ ಕೈಗಳನ್ನು ಮಂಚದ ಕಂಬಿಯ ಮೇಲಿಟ್ಟ.

"ಅಕ್ಕ ಬರುವಾಗ ನನ್ನನ್ನು ಕಟ್ಟಿ ಹಾಕಿ ಅಣ್ಣ."

ಪ್ರಮೀಳಾ ಸ್ಟೂಲನ್ನು ಅವನ ಕೈಗೆ ಸಿಗದಷ್ಟು ಹಿಂದೆ ಸರಿಸಿದಳು. ಆದರೆ ಎದ್ದುಹೋಗಲಿಲ್ಲ, ಅಲ್ಲೇ ಕುಳಿತಳು.

ಕೇಳದೆ ಬಿಚ್ಚಿದರೆ ಏನಾಗುತ್ತದೆಂದು ಹೊಸ ಅಟೆಂಡರುಗಳಿಗೆ ತೋರಿಸಲು ಲೋಕಯ್ಯ ನನ್ನ ತುಂಡುಗಳನ್ನು ಮಂಚದ ಎದುರಿನ ಗೋಡೆಯ ಮೊಳೆಗೆ ನೇತುಹಾಕಿದ್ದಾನೆ. ಕಟ್ಟುವ ಕೆಲಸ ನನಗಿನ್ನಿಲ್ಲ. ಪ್ರಮೀಳಾ ಬಂದಾಗಲೆಲ್ಲ ಆ ಸ್ಟೂಲನ್ನೇ ನೋಡುತ್ತೇನೆ. ಇವತ್ತು ಅದು ಮಂಚಕ್ಕೆ ಒಂದು ಗೇಣು ಹತ್ತಿರ ಬಂದಿದೆ.